ಡ್ಯೂಟಿ ಪಟ್ಟಿಗೆ ಬಿದ್ದ ಬೀಗ

ನಾಲ್ಕು ಊರಿನ ಸಿಸ್ಟರುಗಳು ಒಂದೇ ಫೈಲಿಗೆ ಕೈ ಹಾಕುವ ಕಡೆ ವಾರಕ್ಕೊಂದಾದರೂ ಪ್ರಸಂಗ ನಡೆದೇ ನಡೆಯುತ್ತದೆ. ನಡೆಯದ ವಾರ, ಯಾರಿಗೋ ಹುಷಾರಿಲ್ಲವೇನೋ ಎಂದು ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ.

ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಮೇಟ್ರನ್. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನಮ್ಮ ಸಣ್ಣ ಕೇಂದ್ರಗಳಿವೆ. ಒಂದೊಂದಕ್ಕೂ ಒಬ್ಬರು ಇನ್‌ಚಾರ್ಜ್ ಸಿಸ್ಟರ್. ಮೊದಲು ಡ್ಯೂಟಿ ಪಟ್ಟಿ ಕಾಗದದಲ್ಲಿ ಓಡಾಡುತ್ತಿತ್ತು. ಈಗ ಅದು ಕಂಪ್ಯೂಟರಿನಲ್ಲಿ, ಎಲ್ಲರಿಗೂ ಸೇರಿದ ಆನ್‌ಲೈನ್ ಕಪಾಟಿನಲ್ಲಿದೆ.

1. ಟವೆಲ್

ಕಪಾಟಿನ ನಿಯಮ ಸರಳ. ಪಟ್ಟಿ ತಿದ್ದುವವರು ಮೊದಲು 'ಚೆಕ್ ಔಟ್' ಒತ್ತಬೇಕು. ಆಗ ಫೈಲಿಗೆ ಅವರ ಹೆಸರಿನಲ್ಲಿ ಬೀಗ ಬೀಳುತ್ತದೆ. ಉಳಿದವರು ಓದಬಹುದೇ ಹೊರತು ಬರೆಯಲಾಗದು. ತಿದ್ದಿದ ಮೇಲೆ 'ಚೆಕ್ ಇನ್' ಒತ್ತಿ, ಏನು ಬದಲಾಯಿಸಿದೆ ಎಂದು ಒಂದು ಸಾಲು ಬರೆದು ವಾಪಸ್ ಇಡಬೇಕು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಒಬ್ಬಳು ಎದ್ದು ನಿಂತು ಉತ್ತರ ಹೇಳುವಾಗ ಇನ್ನೊಬ್ಬಳು ತುಟಿ ಅಲ್ಲಾಡಿಸುವಂತಿರಲಿಲ್ಲ. ಹೀಗಾಗಿ ಈ ಪದ್ಧತಿ ನನಗೆ ನೋಡಿದ ಕೂಡಲೇ ಹಿಡಿಸಿತು. ವಿಡಿಯೋ ಮೀಟಿಂಗಿನಲ್ಲಿ ಮುಕ್ಕಾಲು ಗಂಟೆ ಅಚ್ಚುಕಟ್ಟಾಗಿ ವಿವರಿಸಿದೆ. ಮೂವರೂ ಕಣ್ಣು ಪಿಳಿಪಿಳಿ ಬಿಟ್ಟರು. ಕೊನೆಗೆ ಶ್ರೀನಿವಾಸಪುರದ ಇನ್‌ಚಾರ್ಜ್ ಕೈ ಎತ್ತಿದರು.

"ಮೇಡಂ, ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗಾ?"

"ಹಂಗೇ ಹಂಗೇ!" ಎಂದರು ಉಳಿದಿಬ್ಬರೂ. ಹೋಲಿಕೆ ನನಗೆ ಇಷ್ಟವಾಗಲಿಲ್ಲ. ಆದರೆ ಅರ್ಥವಾಗಿತ್ತಲ್ಲ, ಸುಮ್ಮನಾದೆ.

ಮಾರನೆಯ ಬೆಳಗ್ಗೆ ಆರೂವರೆಗೆ ನೋಡಿದರೆ ಫೈಲ್ ಶ್ರೀನಿವಾಸಪುರದ ಹೆಸರಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಹತ್ತು ಗಂಟೆಗೂ ಹಾಗೇ. ಫೋನ್ ಮಾಡಿದೆ.

"ಏನು ತಿದ್ದುತ್ತಾ ಇದ್ದೀರಿ ಸಿಸ್ಟರ್?"

"ಈಗೇನೂ ಇಲ್ಲ ಮೇಡಂ. ಆಮೇಲೆ ರಶ್ ಆಗುತ್ತೆ ಅಂತ ಟವೆಲ್ ಹಾಕಿಟ್ಟಿದೀನಿ."

2. ಒಂದು ಗುರುವಾರ

ಮುಳಬಾಗಿಲು ಕೇಂದ್ರದ ಒಬ್ಬ ಸ್ಟಾಫ್ ನರ್ಸ್ ಒಂದು ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ವಕ್ಕಲೇರಿ ಕಡೆಯ ಹುಡುಗಿ, ಮದುವೆಯಾಗಿ ಐದು ತಿಂಗಳು. ಗಂಡ ನಮ್ಮದೇ ಮಾಲೂರು ಕೇಂದ್ರದಲ್ಲಿ ಲ್ಯಾಬ್ ಟೆಕ್ನೀಷಿಯನ್. ಕೋಲಾರದಲ್ಲಿ ಮಹಡಿಯ ಮೇಲೆ ಒಂದು ಸಣ್ಣ ಬಾಡಿಗೆ ಮನೆ ಮಾಡಿದ್ದರು.

"ಮೇಡಂ, ನನ್ನದು ಬೆಳಗಿನ ಪಾಳಿ, ಅವರದು ಮಧ್ಯಾಹ್ನದ್ದು. ನಾನು ಹೊರಡೋವಾಗ ಅವರು ನಿದ್ದೇಲಿ, ಅವರು ಬರೋವಾಗ ನಾನು ನಿದ್ದೇಲಿ. ವಾರದ ಆಫ್ ನನಗೆ ಮಂಗಳವಾರ, ಅವರಿಗೆ ಗುರುವಾರ. ಮಾತೆಲ್ಲ ಅಡುಗೆಮನೆ ಗೋಡೆಗೆ ಅಂಟಿಸೋ ಚೀಟೀಲೇ."

"ಏನು ಬರೀತಾರೆ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ನಿನ್ನೆ 'ಸಾರು ಚೆನ್ನಾಗಿತ್ತು' ಅಂತ ಬರೆದಿದ್ರು ಮೇಡಂ. ನಾನು ಮಾಡಿದ್ದು ಗೊಜ್ಜು." ಅವಳು ತಲೆ ತಗ್ಗಿಸಿದಳು. "ಇಬ್ಬರಿಗೂ ಒಂದೇ ದಿನ ಆಫ್ ಸಿಕ್ಕಿದ್ರೆ ಸಾಕು. ಒಂದೇ ಒಂದು ದಿನ, ಮೇಡಂ."

ನಾನೇ ಬದಲಾಯಿಸಿಬಿಡೋಣವೆಂದು ಕಂಪ್ಯೂಟರಿನ ಕಡೆ ತಿರುಗಿದೆ. ಆದರೆ ಮೇಟ್ರನ್ ಎಂದ ಮೇಲೆ ಕ್ರಮ ಬಿಡುವಂತಿಲ್ಲ. "ನಿನ್ನ ಇನ್‌ಚಾರ್ಜಿಗೆ ಬರೆದುಕೊಡು" ಎಂದೆ.

"ಕೊಟ್ಟೆ ಮೇಡಂ. ಮೂರು ದಿನದಿಂದ ಫೈಲಿಗೆ ಬೀಗ. ಶ್ರೀನಿವಾಸಪುರದವರ ಹತ್ರ ಇದೆ."

ಶ್ರೀನಿವಾಸಪುರದ ಇನ್‌ಚಾರ್ಜ್ ರಜೆಯ ಮೇಲಿದ್ದರು. ನಾನು ಫೋನ್ ಮಾಡಿದರೆ ಹಿಂದೆ ನಾದಸ್ವರದ ಅಬ್ಬರ. ನನ್ನ ದನಿ ಕೇಳಿದ ಗಾಬರಿಗೆ ಅವರ ಬಾಯಿಂದ ತೆಲುಗೇ ಹೊರಟಿತು. "ಪೆಳ್ಳಿಲೋ ಉನ್ನಾನು ಮೇಡಂ! ಅಲ್ಲ, ಮದುವೇಲಿದೀನಿ! ತಂಗಿ ಮದುವೆ!"

"ಬೀಗ ನಾನೇ ತೆಗೆಯಲೇ?" ನನಗೆ ಆ ಅಧಿಕಾರವಿದೆ.

"ಬೇಡಿ ಮೇಡಂ, ನೀವು ತೆಗೆದ್ರೆ ನಾನು ತಿದ್ದಿದ್ದೆಲ್ಲಾ ಹೋಗುತ್ತೆ. ಮೊಬೈಲಲ್ಲೇ ಬಿಡ್ತೀನಿ. ತಾಳಿ ಒಂದು ಕಟ್ಟಲಿ!"

ಗಟ್ಟಿಮೇಳ ನನ್ನ ಕಿವಿಗೂ ಬಿತ್ತು. ಎರಡು ನಿಮಿಷಕ್ಕೆ ಫೈಲ್ ವಾಪಸ್ ಬಂತು. ಏನು ಬದಲಾಯಿಸಿದೆ ಎಂದು ಬರೆಯುವ ಸಾಲಿನಲ್ಲಿ ಹೀಗಿತ್ತು: "ಎಲ್ಲಾ ಚೆನ್ನಾಗಿ ಆಯ್ತು ಮೇಡಂ, ಊಟಕ್ಕೆ ನೀವೂ ಬರಬೇಕಿತ್ತು."

3. ಉಪಕಾರ

ಫೈಲ್ ಬಿಡುಗಡೆಯಾದ ಕೂಡಲೇ ಮುಳಬಾಗಿಲಿನ ಇನ್‌ಚಾರ್ಜ್ ಅದನ್ನು ತೆಗೆದುಕೊಂಡು, ಹುಡುಗಿಯ ಆಫನ್ನು ಮಂಗಳವಾರದಿಂದ ಗುರುವಾರಕ್ಕೆ ಬದಲಾಯಿಸಿ ಇಟ್ಟರು. ಗಂಡನ ಜೊತೆ ಇರಲಿ ಎಂದು.

ಆಮೇಲೆ ಮಾಲೂರಿನ ಇನ್‌ಚಾರ್ಜ್ ತೆಗೆದುಕೊಂಡರು. ಅವರ ಕಿವಿಗೂ ಸುದ್ದಿ ಬಿದ್ದಿತ್ತು. ಅವರು ಹುಡುಗನ ಆಫನ್ನು ಗುರುವಾರದಿಂದ ಮಂಗಳವಾರಕ್ಕೆ ಬದಲಾಯಿಸಿ ಇಟ್ಟರು. ಹೆಂಡತಿಯ ಜೊತೆ ಇರಲಿ ಎಂದು.

ಒಂದೊಂದು ಕೇಂದ್ರಕ್ಕೂ ಒಂದೊಂದು ಹಾಳೆ. ಪಕ್ಕದ ಹಾಳೆಯನ್ನು ತೆರೆದು ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಮಂಗಳವಾರ ಹುಡುಗ ಮನೆಯಲ್ಲಿ ಒಬ್ಬನೇ ಕೂತ. ಗುರುವಾರ ಹುಡುಗಿ ಒಬ್ಬಳೇ ಕೂತಳು. ಇಬ್ಬರು ಇನ್‌ಚಾರ್ಜುಗಳಿಗೂ ವಿಷಯ ತಿಳಿದು ಎದೆ ಒಡೆದುಹೋಯಿತು. ಅದೇ ಸಂಜೆ, ಒಬ್ಬರಿಗೊಬ್ಬರು ಹೇಳದೆ, ಇಬ್ಬರೂ ತಮ್ಮ ತಮ್ಮ ತಪ್ಪನ್ನು ಸರಿಪಡಿಸಿದರು. ಪಟ್ಟಿ ಮೊದಲು ಹೇಗಿತ್ತೋ ಹಾಗೇ ಆಯಿತು.

"ನೀವು ಒಂದು ಫೋನ್ ಮಾಡಬಾರದಿತ್ತೇ?" ಎಂದು ಮುಳಬಾಗಿಲಿನವರನ್ನು ಗದರಿದೆ.

"ಹೇಳ್ಕೊಂಡು ಮಾಡಿದ್ರೆ ಅದೇನು ಉಪಕಾರ ಮೇಡಂ?" ಎಂದರು.

ಕೊನೆಗೆ ಫೈಲನ್ನು ನಾನೇ ಚೆಕ್ ಔಟ್ ಮಾಡಿದೆ. ಇಬ್ಬರಿಗೂ ಗುರುವಾರ ಎಂದು ಬರೆದು ಇಟ್ಟೆ. ಇಟ್ಟ ಮರುಕ್ಷಣವೇ ಮತ್ತೆ ನನ್ನ ಹೆಸರಿಗೆ ಬೀಗ ಹಾಕಿಕೊಂಡು ಮೂರೂ ಕೇಂದ್ರಗಳಿಗೆ ಸುತ್ತೋಲೆ ಕಳಿಸಿದೆ: "ಇನ್ನು ಮುಂದೆ ನನ್ನ ಲಿಖಿತ ಅನುಮತಿಯಿಲ್ಲದೆ ಯಾರೂ ಯಾರಿಗೂ ಉಪಕಾರ ಮಾಡತಕ್ಕದ್ದಲ್ಲ."

4. ಎಲ್ಲರೂ

ಬೀಗ ಇರುವುದು ಬರೆಯುವುದಕ್ಕೆ ಮಾತ್ರ. ಓದುವುದಕ್ಕೆ ಅಡ್ಡಿಯಿಲ್ಲ. ಈ ಗುರುವಾರ ಇಬ್ಬರೂ ಮನೆಯಲ್ಲೇ ಇರುತ್ತಾರೆ ಎಂಬುದನ್ನು ನಾಲ್ಕು ಊರೂ ಓದಿಕೊಂಡಿತ್ತು.

ಅಂದು ಬೆಳಗ್ಗೆ ಹತ್ತಕ್ಕೆ ನಾನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಅವರ ಮಹಡಿ ಹತ್ತಿದೆ. ಬಾಗಿಲಲ್ಲೇ ಕೊಟ್ಟು ಇಳಿದುಬಿಡುವ ಉದ್ದೇಶ. ಮೆಟ್ಟಿಲ ಮೇಲೆ ಚಪ್ಪಲಿ ಇಡಲು ಜಾಗವಿರಲಿಲ್ಲ.

ಒಳಗೆ ಮುಳಬಾಗಿಲಿನ ಇನ್‌ಚಾರ್ಜ್ ತಮ್ಮ ಯಜಮಾನರನ್ನೂ ಕರೆದುಕೊಂಡು ಬಂದು ಮಂಚದ ಮೇಲೆ ಕೂತಿದ್ದರು. ಶ್ರೀನಿವಾಸಪುರದವರು ಒಂದು ಬುಟ್ಟಿ ಮಾವಿನಹಣ್ಣು ತಂದು ನೆಲದ ಮೇಲೆ ವಿಂಗಡಿಸುತ್ತಿದ್ದರು. ಮಾಲೂರಿನವರು ಕಿಟಕಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆಂದು ಹೇಳುತ್ತಿದ್ದರು. ಆಂಬ್ಯುಲೆನ್ಸ್ ಡ್ರೈವರ್ ಟೀವಿ ಸರಿಮಾಡುತ್ತಿದ್ದ. ಹುಡುಗಿ ಒಲೆಯ ಮುಂದೆ ಬೆವರುತ್ತಾ ಅಷ್ಟು ಜನಕ್ಕೆ ಉಪ್ಪಿಟ್ಟು ಕೆದಕುತ್ತಿದ್ದಳು.

"ನಿಮಗೆಲ್ಲ ಡ್ಯೂಟಿ ಇಲ್ಲವೇ?"

"ಮಧ್ಯಾಹ್ನದ ಪಾಳಿ ಮೇಡಂ," ಎಂದರು ಮೂವರೂ ಒಟ್ಟಿಗೆ. "ಜೋಡೀನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

ನನಗೆ ಸಿಟ್ಟು ಬಂತು. ಐದು ತಿಂಗಳಿಗೆ ಒಂದು ದಿನ ಸಿಕ್ಕಿದೆ. ಅದನ್ನೂ ಇವರು ಹಂಚಿಕೊಂಡು ತಿನ್ನುತ್ತಿದ್ದಾರೆ. "ಏಳಿ," ಎಂದೆ. "ಎಲ್ಲರೂ. ಒಬ್ಬರೂ ಇಲ್ಲಿ ನಿಲ್ಲಕೂಡದು. ಈ ಕ್ಷಣ ಆಚೆಗೆ."

"ಮೇಡಂ, ಅದೂ..." ಎಂದು ಹುಡುಗಿ ಸೌಟು ಹಿಡಿದು ಓಡಿಬಂದಳು.

"ನೀನು ಸಂಕೋಚಪಟ್ಟೇ ಇಷ್ಟಾಗಿರೋದು. ಸುಮ್ಮನೆ ಒಳಗೆ ಹೋಗಮ್ಮ." ಹೂವನ್ನು ಅವಳ ಕೈಗಿಟ್ಟು, ಬಾಗಿಲನ್ನು ನಾನೇ ಎಳೆದುಕೊಂಡೆ.

ಎಲ್ಲರನ್ನೂ ಸಾಲಾಗಿ ಮೆಟ್ಟಿಲು ಇಳಿಸಿ, ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಾ ಬಸ್ ನಿಲ್ದಾಣದವರೆಗೂ ನಡೆಸಿಕೊಂಡು ಹೋದೆ. ಹೊಸದಾಗಿ ಮದುವೆಯಾದವರಿಗೆ ಏಕಾಂತ ಎಷ್ಟು ಮುಖ್ಯ ಎಂದು ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ನಡೆದರು. ಮಾಲೂರಿನವರು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಪಶ್ಚಾತ್ತಾಪ ಎಂದುಕೊಂಡೆ.

ನಿಲ್ದಾಣದಲ್ಲಿ ನಿಂತು ಹಿಂತಿರುಗಿ ನೋಡಿದೆ. ಸಾಲಿನ ಕೊನೆಯಲ್ಲಿ ಪಂಚೆ, ಬನಿಯನ್ನು ತೊಟ್ಟ ಒಬ್ಬ ಯುವಕ, ಬರಿಗಾಲಲ್ಲಿ, ಕೈಯಲ್ಲಿ ಆರು ಲೋಟ ಕಾಫಿಯ ತಟ್ಟೆ ಹಿಡಿದು, ಒಂದು ಹನಿಯೂ ಚೆಲ್ಲದಂತೆ ನಿಂತಿದ್ದ.

"ನೀವು ಯಾರ ಕಡೆಯವರಪ್ಪಾ?"

"ಮೇಡಂ, ನಾನು... ಮಾಲೂರು ಲ್ಯಾಬ್."

ಆ ಹುಡುಗನನ್ನು ನಾನು ಅಲ್ಲಿಯವರೆಗೆ ನೋಡಿದ್ದೆಲ್ಲ ಬಿಳಿ ಕೋಟು, ಟೋಪಿ, ಮಾಸ್ಕಿನಲ್ಲಿ. ಕಣ್ಣುಗಳನ್ನಷ್ಟೇ ಗುರುತು ಹಿಡಿದೆ.

"ಅದು ನಿಮ್ಮ ಮನೆ ಅಲ್ಲವೇನ್ರೀ? ನೀವ್ಯಾಕ್ರೀ ಬಂದ್ರಿ?"

"ನೀವು 'ಎಲ್ಲರೂ' ಅಂದ್ರಿ, ಮೇಡಂ."