ಸಣ್ಣ ದನಿಯನ್ನು ಮೇಲೆತ್ತುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಾನು ಬಾಯಿ ತೆರೆದಾಗಲೇ ಸರಿಯಾಗಿ ಮಿಕ್ಸಿ ತಿರುಗುತ್ತದೆ, ಇಲ್ಲವೇ ಶ್ರೀಮತಿ ತನ್ನ ತಮ್ಮನ ಜೊತೆ ಫೋನಿನಲ್ಲಿರುತ್ತಾಳೆ. (ಎರಡೂ ಒಟ್ಟಿಗೆ ನಡೆಯುವುದೇ ಹೆಚ್ಚು.) ಹಾಗಾಗಿ ಅವಳ ಐವತ್ತನೇ ಹುಟ್ಟುಹಬ್ಬಕ್ಕೆ ನಾನೇ ಒಂದು ಹಾಡು ಕಟ್ಟಿ, ಹಾಡಿ, ರೆಕಾರ್ಡ್ ಮಾಡಿಸಿ, ನೆಂಟರಿಷ್ಟರ ಮುಂದೆ ಕೇಳಿಸುವುದಾಗಿ ಭೀಷ್ಮಪ್ರತಿಜ್ಞೆ ಮಾಡಿದೆ. ಒಂದೇ ಒಂದು ಸಲ ನಾನು ಹೇಳಿದ್ದನ್ನು ಅವಳು ಪೂರ್ತಿ ಕೇಳಬೇಕು, ಅಷ್ಟೇ ಆಸೆ.

ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಎಸಿ ಕೊರೆಯುತ್ತಿತ್ತು. ಎರಡು ಚರಣ ಹಾಡಿ, ನಡುವೆ ಕೈ ಉಜ್ಜಿಕೊಳ್ಳುತ್ತಾ ಅಭ್ಯಾಸಬಲದಿಂದ ನನ್ನಷ್ಟಕ್ಕೆ ಏನೋ ಗೊಣಗಿಕೊಂಡು ಹೊರಬಂದೆ. ರೆಕಾರ್ಡಿಂಗ್‌ನವರು ಮೊದಲು ನನ್ನ ದನಿಯನ್ನು ಇದ್ದದ್ದು ಇದ್ದ ಹಾಗೆ ಕೇಳಿಸಿದರು. ಎಣ್ಣೆ ಕಾಣದ ಬಾಗಿಲು ಅಳುತ್ತಿರುವಂತಿತ್ತು. (ಮುಖ ಎಲ್ಲಿಡಲಿ?)

"ಗಾಬರಿ ಆಗ್ಬೇಡಿ ಸಾರ್, ಇದಿನ್ನೂ ಹಸಿ ದನಿ. ಬೇಯಿಸ್ಬೇಕು," ಎನ್ನುತ್ತಾ ಅವರು ಗೋಡೆಗೆ ಒರಗಿದ್ದ ಕಬ್ಬಿಣದ ಪೆಟ್ಟಿಗೆಗಳ ಗುಂಡಿ ತಿರುಗಿಸಿದರು. ಒಂದು ಪೆಟ್ಟಿಗೆ ನನ್ನ ಮೂಗುದನಿ ತೆಗೆಯಿತು. ಇನ್ನೊಂದು 'ಸ'ಕಾರದ ಸೀಟಿ ಅಡಗಿಸಿತು. ಮೂರನೆಯದರ ಮುಖದ ಮೇಲೆ, ಹಳದಿ ಬೆಳಕಿನಲ್ಲಿ, ಒಂದು ಮುಳ್ಳು ನನ್ನ ಪ್ರತಿ ಅಕ್ಷರಕ್ಕೂ ತಲೆದೂಗುತ್ತಿತ್ತು. (ನನಗೆ ಯಾರಾದರೂ ತಲೆದೂಗಿದ್ದು ಅದೇ ಮೊದಲು.)

"ಇದೇನ್ ಮಾಡುತ್ತೆ?"

"ಕಂಪ್ರೆಸರ್ ಸಾರ್. ಜೋರಾಗಿರೋದನ್ನ ಅದುಮುತ್ತೆ, ಸಣ್ಣ ದನೀನ ಮೇಲೆತ್ತುತ್ತೆ."

ನನ್ನ ಕಣ್ಣು ತುಂಬಿ ಬಂತು. ಇಂಥ ಧರ್ಮಾತ್ಮ ಯಂತ್ರ ಭೂಮಿಯ ಮೇಲಿದ್ದೂ ನಾನು ಇಪ್ಪತ್ತಾರು ವರ್ಷ ಅದಿಲ್ಲದೆ ಸಂಸಾರ ಮಾಡಿದೆನಲ್ಲ! ಮೊದಲ ಚರಣ ಹರಿದು ಬಂತು. ತುಂಬಿದ, ಮೆತ್ತಗಿನ, ಗಂಭೀರ ಕಂಠ. ಮೈ ಜುಮ್ಮೆಂದಿತು. ನನ್ನೊಳಗೆ ಇಂಥವನೊಬ್ಬ ಇದ್ದಾನೆಂದು ನನಗೇ ಗೊತ್ತಿರಲಿಲ್ಲ.

"ಮಧ್ಯೆ ಖಾಲಿ ಜಾಗ ಇದೆ. ಅದನ್ನ ಒಂದ್ಸಲ ಕೇಳಿ, ಕತ್ತರಿಸಿ ಕೊಡ್ತೀನಿ."

"ಕೈ ಮುಗೀತೀನಿ, ಒಂದು ಚೂರೂ ಮುಟ್ಬೇಡಿ!" ಎಂದು ಹಾಡನ್ನು ಹಾಗೇ ಕಸಿದುಕೊಂಡು ಬಂದೆ.

ಹುಟ್ಟುಹಬ್ಬದ ದಿನ ಮಿಕ್ಸಿಯೂ ಸುಮ್ಮನಿತ್ತು. ಮೊದಲ ಚರಣ ಮುಗಿಯುವಷ್ಟರಲ್ಲಿ ಶ್ರೀಮತಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಇದು ನಿಜವಾಗ್ಲೂ ನೀವೇನಾ?"

ನಾನು ವಿನಯದಿಂದ ತಲೆ ತಗ್ಗಿಸಿದೆ. ಆಗ ಎರಡು ಚರಣಗಳ ನಡುವಿನಿಂದ ಅದೇ ಗಂಭೀರ ಕಂಠ ಕೋಣೆ ತುಂಬ ಮೊಳಗಿತು:

"ಏನ್ ಚಳೀನಪ್ಪಾ! ಅವಳು ಹೆಣೆದ ಹಸಿರು ಸ್ವೆಟರ್‌ನ ವಾಚ್‌ಮನ್‌ಗೆ ಕೊಟ್ಟುಬಿಡಬಾರದಿತ್ತು. ಬಸ್ಸಲ್ಲಿ ಕಳೆದುಹೋಯ್ತು ಅಂದೆ, ಪಾಪ, ನಂಬಿಬಿಟ್ಲು."

ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಭಾವಮೈದ ಕೆಮ್ಮಿದ. ನೆಂಟರೆಲ್ಲ ಚಾವಣಿ ನೋಡತೊಡಗಿದರು.

"ಇನ್ನೊಂದ್ಸಲ ಹಾಕಿ," ಎಂದಳು ಶ್ರೀಮತಿ.

"ಹಾಡನ್ನಾ?"

"ಹಾಡನ್ನಲ್ಲ. ಅದನ್ನ."

ಮೂರು ಸಲ ಹಾಕಿಸಿಕೊಂಡು ಪೂರ್ತಿ ಕೇಳಿದಳು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಕಡು ಬೇಸಿಗೆ. ನನ್ನ ಮೈಮೇಲೆ ಹೊಸ ಸ್ವೆಟರ್ ಇದೆ. ಅದೇ ಹಸಿರು, ಈ ಸಲ ಕತ್ತಿನವರೆಗೆ. ಅಡುಗೆಮನೆಯಲ್ಲಿ ಮಿಕ್ಸಿ ಗಿರ್ರೆನ್ನುತ್ತಿದೆ, ಫೋನಿನಲ್ಲಿ ಭಾವಮೈದನೂ ಇದ್ದಾನೆ. ಧೈರ್ಯ ಮಾಡಿ "ಸೆಕೆ" ಎಂದು ತುಟಿಯಂಚಿನಲ್ಲೇ ಗೊಣಗಿದೆ.

ಮಿಕ್ಸಿ ಟಕ್ಕನೆ ನಿಂತಿತು.

"ಏನಂದ್ರಿ?"