ನೆಮಾನಿಯ ಎಡಗಾಲಿನ ವರ್ಗಾವಣೆ

ವೈಬುಲ ಫುಟ್‌ಬಾಲ್ ಸಂಘದ ಆಟಗಾರನಾದ ನೆಮಾನಿಯ ಭವಿಷ್ಯವು ಅನಿಶ್ಚಿತವಾಗಿರುತ್ತದೆ ಎಂದು ಸಂಘವು ಹೆಮ್ಮೆಯಿಂದ ಪ್ರಕಟಿಸಿತು. ಪ್ರಕಟಣೆಯನ್ನು ಬಸ್ ನಿಲ್ದಾಣದ ಗೋಡೆಗೂ, ಮಾರ್ಕೆಟ್ಟಿನ ಮೀನುಕಟ್ಟೆಗೂ, ಹರಖ್ ಸಿಂಗರ ಬಸ್ಸುಗಳ ಹಿಂಭಾಗಕ್ಕೂ ಅಂಟಿಸಲಾಯಿತು. ಹರಖ್ ಸಿಂಗರು ಸಂಘದ ಅಧ್ಯಕ್ಷರು. ಬಸ್ಸೂ ಅವರದೇ, ಅಂಟೂ ಅವರದೇ. ಹಿಂದೆ ಬರುವ ಗಾಡಿಯವರು ನೆಮಾನಿಯ ಭವಿಷ್ಯವನ್ನು ಓದುತ್ತಾ, ಅಧ್ಯಕ್ಷರ ಹೊಗೆಯನ್ನು ಕುಡಿಯುತ್ತಾ ಬರುತ್ತಿದ್ದರು.

ವಿಷಯ ಏನೆಂದರೆ, ಆಕ್ಲೆಂಡಿನ ಒಂದು ಕ್ಲಬ್ಬಿನವರು ನಮ್ಮ ಫಿಜಿಗೆ ಬಂದು ನೆಮಾನಿಯ ಆಟ ನೋಡಿದ್ದರು. ಅವನು ಎಡಗಾಲಲ್ಲಿ ಒದ್ದ ಚೆಂಡು ಗೋಲಿನ ಬಲೆ ಹರಿದು, ಆಚೆ ಕಟ್ಟಿಹಾಕಿದ್ದ ಕುದುರೆಗೆ ಬಿದ್ದದ್ದನ್ನೂ ನೋಡಿದ್ದರು. "ಸೀಸನ್ ಮುಗಿಯೋದರೊಳಗೆ ಸಂಘ ಈ ಹುಡುಗನನ್ನು ಬಿಟ್ಟುಕೊಟ್ಟರೆ ಕರೆದುಕೊಂಡು ಹೋಗ್ತೀವಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ಹೇಳಿ ವಿಮಾನ ಹತ್ತಿದರು. ನೆಮಾನಿ ಅವತ್ತೇ ಬ್ಯಾಗು ತುಂಬಿಸಿ ಬಾಗಿಲ ಹತ್ತಿರ ಇಟ್ಟ. ಸಂಘ ಆ ವಿಷಯವನ್ನು ಪರಿಶೀಲಿಸುತ್ತಿದ್ದ ಕಾಲದಲ್ಲಿ ಆ ಬ್ಯಾಗಿನ ಮೇಲೆ ಅವರಮ್ಮನ ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಿತು.

ಸಂಘ ಮಾತ್ರ ಸುಮ್ಮನೆ ಕೂತಿರಲಿಲ್ಲ. 'ನೆಮಾನಿ ಭವಿಷ್ಯ ಉಪಸಮಿತಿ' ಎಂಬುದನ್ನು ರಚಿಸಿತ್ತು. ಸಂಘದ ಖರ್ಚಿನಲ್ಲಿ ಪ್ರತಿ ಸಭೆಗೂ ಒಂದು ಮೇಕೆ, ರೊಟ್ಟಿ, ಆಮೇಲೆ ತಟ್ಟೆಯಗಲದ ಮರದ ಬೋಗುಣಿಯಲ್ಲಿ ಕಲಸಿದ ಯಂಗೋನ ಬೇರಿನ ಪಾನಕ. ಅದನ್ನು ಕರಟದಲ್ಲಿ ಕುಡಿಯುತ್ತಾ ಕೂತರೆ ಮೊದಲು ತುಟಿ ಮರಗಟ್ಟುತ್ತದೆ, ಆಮೇಲೆ ನಾಲಿಗೆ, ಆಮೇಲೆ ಕಾರ್ಯಸೂಚಿ. ನಿಯಮಾವಳಿಯ ಪ್ರಕಾರ ಭವಿಷ್ಯ ನಿರ್ಧಾರವಾದ ದಿನ ಉಪಸಮಿತಿ ತಾನಾಗಿ ಬರಖಾಸ್ತಾಗಬೇಕು. ಹೀಗಾಗಿ ಸದಸ್ಯರು ಬಹಳ ಎಚ್ಚರಿಕೆಯಿಂದ ಯಾವುದನ್ನೂ ನಿರ್ಧರಿಸುತ್ತಿರಲಿಲ್ಲ.

ಒಂದು ಸಭೆಗೆ ನೆಮಾನಿಯೇ ಬಂದ. ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟು ಕೇಳಿದ:

"ಸಾರ್, ನಾನು ಹೋಗಬಹುದಾ, ಬೇಡವಾ? ಒಂದು ಮಾತು ಹೇಳಿಬಿಡಿ, ಸಾಕು."

ಕಾರ್ಯದರ್ಶಿ ರಾಮ್‌ಸಮುಜ್ ಮೇಷ್ಟ್ರು ತಲೆಯೆತ್ತಿದರು. ಶಾಲೆಯಿಂದ ನಿವೃತ್ತರಾಗಿ ವರ್ಷಗಳಾದರೂ ಊರಿನ ಬೋರ್ಡುಗಳಲ್ಲಿ ವ್ಯಾಕರಣದ ತಪ್ಪು ತಿದ್ದುವುದನ್ನು ಅವರು ಬಿಟ್ಟಿರಲಿಲ್ಲ.

"ನೀನು ಯಾರಪ್ಪ?"

"ನೆಮಾನಿ, ಸಾರ್. ನಿಮ್ಮ ಹತ್ರಾನೇ ಓದಿದ್ದು. ನೀವೇ ಫೇಲ್ ಮಾಡಿದ್ದು."

"ಅದು ಸರಿ. ಈ ವಿಷಯಕ್ಕೂ ನಿನಗೂ ಏನು ಸಂಬಂಧ?"

"ನನ್ನ ಭವಿಷ್ಯ ಅಲ್ವಾ ಸಾರ್?"

"ಭವಿಷ್ಯ ನಿನ್ನದು, ಯಾರು ಅಲ್ಲ ಅಂದ್ರು? ಆದ್ರೆ ಅದರ ಅನಿಶ್ಚಿತತೆ ಸಂಘದ್ದು. ಅದಕ್ಕೆ ನೀನು ಕೈ ಹಾಕಬೇಡ. ಊಟ ಮಾಡ್ತೀಯಾ?"

"ಬೇಡ ಸಾರ್."

"ಊಟ ಬೇಡ, ಆದ್ರೆ ಭವಿಷ್ಯ ಬೇಕಂತೆ," ಎಂದು ಹರಖ್ ಸಿಂಗರು ಮೂಳೆ ಚೀಪುತ್ತಾ ನಕ್ಕರು. "ಈಗಿನ ಹುಡುಗರು!"

ಇಷ್ಟರಲ್ಲಿ ಹೊಳೆಯಾಚೆಯ ಕೊರೊಲಾಲ ತಂಡದವರು ಬಂದರು. ಅವರ ಮುಂದಾಳು ಆ ಊರಿನ ಮುಖಂಡ ರಾತು ಇಸಿಕೆಲಿ. ಈತ ನೆಮಾನಿಯ ಅಮ್ಮನ ಅಣ್ಣ, ಅಂದರೆ ಖುದ್ದು ಸೋದರಮಾವ. ಚಾಪೆಯ ಮೇಲೆ ಮಂಡಿಯೂರಿ ಕೂತು, ಹೊಳೆಯುವ ತಂಬುವ ಒಂದನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ತಂಬುವ ಎಂದರೆ ತಿಮಿಂಗಿಲದ ಹಲ್ಲು. ಅದನ್ನು ಹಿಡಿದು ಏನನ್ನಾದರೂ ಕೇಳಿದರೆ, ಕೇಳಿಸಿಕೊಂಡು, ಕೊಡುವ ಮನಸ್ಸಿದ್ದರೆ ಮಾತ್ರ ಹಲ್ಲು ಮುಟ್ಟಬೇಕು. ಮುಟ್ಟಿದರೆ ಕೊಟ್ಟ ಹಾಗೆ. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಹರಖ್ ಸಿಂಗರಿಗೂ ಗೊತ್ತಿತ್ತು. ಆದರೆ ಹಲ್ಲು ದೊಡ್ಡದಿತ್ತು. ರಾತು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಅದನ್ನು ತೆಗೆದುಕೊಂಡು, ತೂಕ ನೋಡಿ, ಜೇಬಿಗೆ ಹಿಡಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು.

ರಾತು ಇಸಿಕೆಲಿ ಹಲ್ಲು ಹೋದ ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡು ಗಂಭೀರವಾಗಿ ಹೇಳಿದ: "ನಿಮ್ಮ ಮನೆಯ ಹುಡುಗನ ಕಾಲು ಇನ್ನು ನಮ್ಮ ನೆಲದ ಮೇಲೆ ಬೀಳಲಿ."

ಸಭೆ ಮರಗಟ್ಟಿತು. ನಾಲಿಗೆ ಮೊದಲೇ ಮರಗಟ್ಟಿತ್ತು.

"ಅಯ್ಯೋ, ಹುಡುಗನನ್ನೇ ಕೇಳಿಬಿಟ್ರಲ್ರೀ ಮೇಷ್ಟ್ರೇ!" ಎಂದು ಅಧ್ಯಕ್ಷರು ಪಿಸುಗುಟ್ಟಿದರು. "ಹಲ್ಲು ವಾಪಸ್ ಕೊಡಬಹುದಾ?"

"ಕೊಟ್ಟರೆ ಮರ್ಯಾದೆ ಹೋಗುತ್ತೆ."

"ಮರ್ಯಾದೆ ಹೋಗಲಿ. ಹಲ್ಲು ಉಳಿಸ್ಕೊಳ್ಳೋದಕ್ಕೆ ಏನಾದ್ರೂ ದಾರಿ ಇದೆಯಾ?"

ಮೇಷ್ಟ್ರು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ವ್ಯಾಕರಣ ಹೊಳೆಯುತ್ತಿತ್ತು. "ಕಾಲು ಅಂದಿದ್ದಾರೆ. ಕಾಲುಗಳು ಅಂದಿಲ್ಲ. ಏಕವಚನ!"

"ಕಾಲು ಅಂದ್ರೆ ಕಾಲು ಭಾಗಾನಾ? ಮುಕ್ಕಾಲು ನಮಗುಳಿಯುತ್ತಾ?"

"ಅಷ್ಟೂ ಬೇಕಾಗಿಲ್ಲ. ಒಂದು ಕಾಲು ಕೊಡೋಣ. ಬಲಗಾಲು. ಅದರಿಂದ ಅವನು ಬಸ್ಸು ಹತ್ತೋದು ಬಿಟ್ಟು ಬೇರೇನೂ ಮಾಡಿದ್ದು ನಾನು ನೋಡಿಲ್ಲ."

ರಾತು ಇಸಿಕೆಲಿಗೂ ಅಷ್ಟು ತಿಳಿದಿತ್ತು. ಬಿಸಿಬಿಸಿ ಚರ್ಚೆಯಾಗಿ, ಇನ್ನೊಂದು ಬೋಗುಣಿ ಕಲಸಿ, ಎಡಗಾಲೇ ಎಂದು ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಬಸ್ಸುಗಳ ಹಿಂದೆ ಹೊಸ ಪ್ರಕಟಣೆ ಬಂತು:

'ನೆಮಾನಿಯವರ ಎಡಗಾಲನ್ನು ತೊಡೆಯ ಸಂದಿನಿಂದ ಕೆಳಕ್ಕೆ ಕೊರೊಲಾಲ ತಂಡಕ್ಕೆ ವರ್ಗಾಯಿಸಲಾಗಿದೆ. ಉಳಿದ ಭಾಗವು ವೈಬುಲ ಸಂಘದಲ್ಲಿಯೇ ಮುಂದುವರಿಯುವುದು. ಕಾಲನ್ನು ಬೇರೆಯಾಗಿ ಕಳಿಸಲು ಸದ್ಯ ಅನುಕೂಲವಿಲ್ಲದ ಕಾರಣ ಅದು ಮೂಲ ಸ್ಥಳದಲ್ಲಿಯೇ ಇದ್ದು ಕರ್ತವ್ಯ ನಿರ್ವಹಿಸತಕ್ಕದ್ದು. ಸದರಿ ಕಾಲು ಹೊಡೆದ ಗೋಲುಗಳು ಕೊರೊಲಾಲದ ಖಾತೆಗೆ ಸೇರುತ್ತವೆ. ಭವಿಷ್ಯವು ಅನಿಶ್ಚಿತವಾಗಿಯೇ ಇರುತ್ತದೆ.'

ವ್ಯವಸ್ಥೆ ಬಹಳ ಚೆನ್ನಾಗಿ ನಡೆಯಿತು. ನೆಮಾನಿ ಬಲಗಾಲಿಗೆ ನಮ್ಮ ಕೆಂಪು ಬೂಟು, ಎಡಗಾಲಿಗೆ ಅವರ ಹಸಿರು ಬೂಟು ಹಾಕಿಕೊಂಡು ಬರುತ್ತಿದ್ದ. ಬುಧವಾರ ಎಡಗಾಲು ಕೊರೊಲಾಲದ ಅಭ್ಯಾಸಕ್ಕೆ ಹೋಗಬೇಕಿತ್ತು. ಜೊತೆಗೆ ಹೋದ ಉಳಿದ ಮೈಯನ್ನು ಅಲ್ಲಿ ನೋಡುಗ ಎಂದು ಪರಿಗಣಿಸಿ ಟಿಕೆಟ್ ತೆಗೆಸಿದರು. ಒಮ್ಮೆ ಎಡಗಾಲು ಉಳುಕಿತು. ಎಣ್ಣೆ ಹಚ್ಚಿ ಎಂದರೆ ನಮ್ಮವರು "ಅದು ಅವರ ಕಾಲು" ಎಂದರು. ಅವರ ಹತ್ತಿರ ಹೋದರೆ "ಉಳುಕಿದ್ದು ನಿಮ್ಮ ಮೈದಾನದಲ್ಲಿ" ಎಂದರು. ಕಾಲು ಬೇಜಾರಾಗಿ ತಾನೇ ಸರಿಹೋಯಿತು.

ಸಕ್ಕರೆ ಮಿಲ್ಲಿನ ತಂಡದ ಮೇಲೆ ನಮ್ಮ ಪಂದ್ಯವಾದ ದಿನ ಎಲ್ಲರಿಗೂ ವ್ಯವಸ್ಥೆಯ ಸೊಗಸು ಪೂರ್ತಿ ಅರ್ಥವಾಯಿತು. ನೆಮಾನಿ ಬಲಗಾಲಲ್ಲಿ ಒದ್ದ ಚೆಂಡುಗಳು ಕಬ್ಬಿನ ಗದ್ದೆ ಸೇರಿದವು. ಕೊನೆಗೆ ತಡೆಯಲಾರದೆ ಎಡಗಾಲೆತ್ತಿ ಒಂದು ಬಿಟ್ಟ. ಬಲೆ ನಡುಗಿತು. ರೆಫರಿ ಸೀಟಿ ಊದಿ ಗೋಲು ಕೊರೊಲಾಲದ್ದು ಎಂದು ಸಾರಿದರು. ಆ ಹೊತ್ತಿಗೆ ಕೊರೊಲಾಲದ ಆಟಗಾರರು ಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದರು. ನಾವಾಗಲೀ ಮಿಲ್ಲಿನವರಾಗಲೀ ಗೋಲು ಹೊಡೆಯದ ಕಾರಣ ಪಂದ್ಯ ಕೊರೊಲಾಲವೇ ಗೆದ್ದಿತು. ಮಿಲ್ಲಿನ ನಾಯಕ ಯಾರ ಕೈ ಕುಲುಕಬೇಕೆಂದು ತಿಳಿಯದೆ ನೆಮಾನಿಯ ಎಡಮಂಡಿಯನ್ನು ಮುಟ್ಟಿ ಹೋದ.

"ಲೋ ನೆಮಾನಿ!" ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. "ಒಂದು ಕಾಲು ಇಲ್ಲಿ, ಒಂದು ಕಾಲು ಮಾವನ ಮನೇಲಿ. ನಡುವೆ ಇರೋನು ಯಾರೋ?"

ನಗು ಜೋರಾಗಿಯೇ ಬಂತು. ನೆಮಾನಿ ನಗಲಿಲ್ಲ. ಇನ್ನೊಂದೇ ಪಂದ್ಯ ಕಳೆದರೆ ಸೀಸನ್ ಮುಗಿಯುತ್ತಿತ್ತು. ಬ್ಯಾಗಿನ ಮೇಲಿನ ಕೋಳಿ ಆಗಲೇ ಮರಿ ಮಾಡಿ ಎರಡನೇ ಸಲ ಮೊಟ್ಟೆಗೆ ಕೂತಿತ್ತು. ಅವನು ಬೂಟು ಬಿಚ್ಚಿ, ಹಸಿರನ್ನು ಒಂದು ಹೆಗಲಿಗೂ ಕೆಂಪನ್ನು ಇನ್ನೊಂದು ಹೆಗಲಿಗೂ ನೇತುಹಾಕಿಕೊಂಡು, ಹೊಳೆ ದಾಟಿ ನೇರ ಮಾವನ ಮನೆಗೆ ಹೋದ.

ರಾತು ಇಸಿಕೆಲಿ ಅವನನ್ನು ಕಂಡ ಕೂಡಲೇ ರೇಡಿಯೋವನ್ನು ಚಾಪೆಯ ಕೆಳಗೆ ತಳ್ಳಿದ. ಅದಕ್ಕೆ ಕಾರಣವಿತ್ತು. ನೆಮಾನಿ ಕೊರೊಲಾಲಕ್ಕೆ ವಾಸು. ನಮ್ಮಲ್ಲಿ ವಾಸು ಎಂದರೆ ಸೋದರಳಿಯ. ಅವನು ಅಮ್ಮನ ತವರಿಗೆ ಬಂದು ಏನನ್ನಾದರೂ ತೆಗೆದುಕೊಂಡರೆ ಯಾರೂ ಇಲ್ಲ ಅನ್ನುವಂತಿಲ್ಲ, ಮುಖ ಸಿಂಡರಿಸುವಂತೆಯೂ ಇಲ್ಲ.

"ಹೋದ ವರ್ಷ ದೋಣಿ ತಗೊಂಡು ಹೋದೆ, ನಾನೀಗ ಈಜಾಡ್ಕೊಂಡು ಮೀನು ಹಿಡೀತಿದ್ದೀನಿ," ಎಂದ ಮಾವ, ಮುಖ ಸಿಂಡರಿಸದೆ. "ಇವತ್ತೇನಪ್ಪಾ?"

"ಮಾವ, ಈ ಊರಿನದ್ದೆಲ್ಲ ನಾನು ತಗೋಬಹುದು ಅಲ್ವಾ?"

"ತಗೋತಾನೇ ಇದ್ದೀಯಲ್ಲ."

"ಈ ಎಡಗಾಲು ಈಗ ಯಾರದ್ದು?"

"ನಮ್ಮದು. ಹಲ್ಲು ಕೊಟ್ಟು ತಂದಿದ್ದು..." ರಾತು ಇಸಿಕೆಲಿ ಅರ್ಧಕ್ಕೇ ನಿಂತ. ನಿಧಾನಕ್ಕೆ ಬಾಯಿ ತೆರೆದ. "ಅಯ್ಯೋ ಕಳ್ಳ ನನ್ಮಗನೇ!"

"ವೈಬುಲದ ಸ್ವತ್ತಾಗಿದ್ದಾಗ ನನ್ನ ಕಾಲನ್ನ ನಾನು ಮುಟ್ಟೋ ಹಾಗಿರಲಿಲ್ಲ ಮಾವ. ನೀವು ಕೇಳಿಕೊಂಡಿದ್ದು ಒಳ್ಳೇದೇ ಆಯ್ತು. ಇನ್ನು ಉಳಿದದ್ದನ್ನೂ ಕೇಳಿಬಿಡಿ."

"ಏನು ಕೊಟ್ಟು ಕೇಳಲೋ? ಇದ್ದ ಹಲ್ಲೂ ಹೋಯ್ತು."

"ಮೂಲೇಲಿ ಚಾಪೆ ಇದೆ. ಹಿತ್ತಲಲ್ಲಿ ಸೀಮೆಎಣ್ಣೆ ಡ್ರಮ್ಮಿದೆ. ಆ ಮೇಕೆ ಕೂಡ..."

"ಎಲ್ಲಾ ತಗೋ. ಇನ್ನು ಹೆಂಡತಿ ಒಬ್ಬಳು ಉಳಿದಿದ್ದಾಳೆ, ಅವಳನ್ನೂ ತಗೊಂಡು ಹೋಗು."

"ಅತ್ತೆ ಬೇಡ ಮಾವ."

"ಯಾಕೋ ಬೇಡ?" ಒಳಗಿಂದ ಅತ್ತೆಯ ಧ್ವನಿ ಬಂತು. "ಆಕ್ಲೆಂಡಾದ್ರೂ ನೋಡ್ತಿದ್ದೆ!"

ಉಪಸಮಿತಿಯ ಮುಂದಿನ ಸಭೆ ಸಂಘದ ಇತಿಹಾಸದಲ್ಲೇ ಅತ್ಯಂತ ಚುರುಕಾದ ಸಭೆ. ಬಲಗಾಲಿಗೆ ಚಾಪೆ ಬಂತು, ಕೊಡಲಾಯಿತು. ತಲೆಗೆ ಸೀಮೆಎಣ್ಣೆ ಬಂತು. ತಲೆಯೊಳಗಿನ ಆಲೋಚನೆಗಳೂ ತಲೆಯ ಜೊತೆ ಹೋಗುತ್ತವೆಯೋ ಎಂದು ಒಬ್ಬ ಸದಸ್ಯರು ಪ್ರಶ್ನೆ ಎತ್ತಿದರು. ಫುಟ್‌ಬಾಲಿಗೆ ಅವುಗಳ ಅಗತ್ಯ ಈವರೆಗೆ ಕಂಡುಬಂದಿಲ್ಲವಾದ್ದರಿಂದ ಹೋಗಲಿ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಉಳಿದ ಮೈ ಪೂರ್ತಿ, ಹೊಕ್ಕುಳ ಸಮೇತ, ಮೇಕೆಗೆ ಹೋಯಿತು. ಮೇಕೆ ನೋಡಿದ ಮೇಲೆ ಯಾರೂ ಚೌಕಾಸಿ ಮಾಡಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ, ಬಾಗಿಲಲ್ಲಿ ಕೂತಿದ್ದ ನೆಮಾನಿ ಎದ್ದು ನಿಂತ.

"ವಾಸು ತಗೋತಿದ್ದಾನೆ," ಎಂದ, ಎದೆ ಮುಟ್ಟಿಕೊಂಡು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಯಾವ ವಾಸು? ಮಾರ್ಕೆಟ್ಟಲ್ಲಿ ಬದನೆಕಾಯಿ ಮಾರೋ ವಾಸುದೇವನಾ? ಅವನು ಈ ಸಂಘದ ಸದಸ್ಯನಲ್ಲ."

ಮೇಷ್ಟ್ರಿಗೆ ವಾಸು ಎಂದರೇನು ಎಂಬುದು ಚೆನ್ನಾಗಿ ಗೊತ್ತು. ಅವರ ಪಕ್ಕದ ಮನೆಯ ವಾಸು ತಿಂಗಳಿಗೊಮ್ಮೆ ತನ್ನ ಮಾವನ ಹಂದಿಯನ್ನು ಇವರ ಅಂಗಳದಲ್ಲೇ ಎಳೆದುಕೊಂಡು ಹೋಗುತ್ತಾನೆ. ಆದರೆ ಉಪಸಮಿತಿಯ ಕುರ್ಚಿಯಲ್ಲಿ ಕೂತಿರುವಾಗ ಗೊತ್ತಿರುವುದನ್ನು ಗೊತ್ತಿಲ್ಲ ಅನ್ನುವುದು ನಿಯಮ.

"ನಮ್ಮ ತಂಗಿ ಮಗ ಕಣ್ರೀ ಮೇಷ್ಟ್ರೇ," ಎಂದ ರಾತು ಇಸಿಕೆಲಿ, ದುಃಖದಿಂದ. "ನಮ್ಮೂರಿನ ಸ್ವತ್ತು ಏನಿದ್ರೂ ತಗೋತಾನೆ. ಈಗ ಅವನೇ ನಮ್ಮೂರಿನ ಸ್ವತ್ತು. ಅವನನ್ನ ಅವನೇ ತಗೋತಾನೆ. ನಾನು ಏನನ್ನಲಿ?"

ಮೇಕೆ ಅರಚಿತು. ನೆಮಾನಿ ತನ್ನ ಎಡಗಾಲನ್ನು ಮೊದಲು ಮುಟ್ಟಿದ, ಆಮೇಲೆ ಬಲಗಾಲು, ಆಮೇಲೆ ತಲೆ. ಹೊಸ ಅಂಗಿ ಕೊಂಡವರು ಜೇಬು ತಡವಿಕೊಳ್ಳುವ ಹಾಗೆ.

ಹರಖ್ ಸಿಂಗರ ಮುಖ ಬಾಡಿತು. "ಅಂದ್ರೆ ಇವನ ಭವಿಷ್ಯ ನಿರ್ಧಾರ ಆಗಿಹೋಯ್ತಾ? ಹಾಗಾದ್ರೆ ಉಪಸಮಿತಿ? ಹಾಗಾದ್ರೆ ಇನ್ನು ಮೇಲೆ..." ಅವರ ಕಣ್ಣು ಮೇಕೆಯ ಕಡೆ ಹೋಗಿ ತುಂಬಿಬಂತು.

ನೆಮಾನಿ ಚಪ್ಪಲಿ ಮೆಟ್ಟುತ್ತಿದ್ದವನು ತಿರುಗಿದ. "ಅಳಬೇಡಿ ಸಾರ್. ಭವಿಷ್ಯ ನನ್ನದು, ಅನಿಶ್ಚಿತತೆ ಸಂಘದ್ದು ಅಂತ ಮೇಷ್ಟ್ರೇ ಹೇಳಿದ್ರಲ್ಲ. ನನ್ನದನ್ನ ನಾನು ತಗೊಂಡು ಹೋಗ್ತೀನಿ. ನಿಮ್ಮದನ್ನ ನಾನು ಮುಟ್ಟಲ್ಲ. ಇಟ್ಕೊಳ್ಳಿ."

ಮೇಷ್ಟ್ರು ನಿಯಮಾವಳಿಯನ್ನು ಮನಸ್ಸಿನಲ್ಲೇ ತಿರುವಿ ನೋಡಿ, ಇದರಲ್ಲಿ ವ್ಯಾಕರಣದ ದೋಷವೇನೂ ಇಲ್ಲವೆಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕರಟ ತುಂಬಿತು. ಮೇಕೆಯನ್ನು ಒಳಗೆ ಕರೆದುಕೊಂಡು ಹೋದರು.

ನೆಮಾನಿಯ ಅಮ್ಮ ಕೋಳಿಯನ್ನು ಎಬ್ಬಿಸಿ, ಬ್ಯಾಗು ಒರೆಸಿ ಕೊಟ್ಟಳು. ಕೋಳಿ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಈಗ ನೆಮಾನಿ ಆಕ್ಲೆಂಡಿನಲ್ಲಿ ಎರಡೂ ಕಾಲಿಗೆ ಒಂದೇ ಬಣ್ಣದ ಬೂಟು ಹಾಕಿಕೊಂಡು ಆಡುತ್ತಾನೆ. ಅಲ್ಲಿನ ಗೋಲುಗಳು ಅಲ್ಲಿಯೇ ಲೆಕ್ಕವಾಗುತ್ತವಂತೆ. ನಮಗೆ ಅದು ಸ್ವಲ್ಪ ವಿಚಿತ್ರವೆನಿಸುತ್ತದೆ.

ಬಸ್ಸುಗಳ ಹಿಂದಿನ ಪ್ರಕಟಣೆಯನ್ನು ಪ್ರತಿ ತಿಂಗಳೂ ತಪ್ಪದೆ ಹೊಸದಾಗಿ ಅಂಟಿಸಲಾಗುತ್ತದೆ: 'ನೆಮಾನಿಯವರ ಭವಿಷ್ಯವು ಎಂದಿನಂತೆ ಅನಿಶ್ಚಿತವಾಗಿರುತ್ತದೆ. ಉಪಸಮಿತಿ ಪರಿಶೀಲಿಸುತ್ತಿದೆ.' ಓದಿದವರು ಪಾಪ ಅನ್ನುತ್ತಾರೆ.

ಈ ಕ್ರಿಸ್‌ಮಸ್ಸಿಗೆ ನೆಮಾನಿ ರಜೆಯ ಮೇಲೆ ಊರಿಗೆ ಬಂದಿದ್ದ. ಸಭೆಯ ದಿನವಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತ. ಸದಸ್ಯರು ಬಹಳ ಹೊತ್ತಿನಿಂದ ಅವನ ಭವಿಷ್ಯದ ಬಗ್ಗೆ ಚರ್ಚೆ ನಡೆಸಿ ಸುಸ್ತಾಗಿದ್ದರು.

"ನೀನೇ ಹೇಳಪ್ಪ," ಎಂದರು ಹರಖ್ ಸಿಂಗರು. "ಆಡೋನು ನೀನು. ಈ ಹುಡುಗನ ಮುಂದಿನ ಕಥೆ ಏನಾಗಬಹುದು?"

ನೆಮಾನಿ ಕಣ್ಣು ಮುಚ್ಚಿ ಗಂಭೀರವಾಗಿ ಯೋಚನೆ ಮಾಡಿದ.

"ಈಗಲೇ ಹೇಳೋದು ಕಷ್ಟ ಸಾರ್. ಇನ್ನೊಂದು ಸಭೆ ಬೇಕಾಗಬಹುದು," ಎಂದು ತಟ್ಟೆ ಮುಂದೆ ಚಾಚಿದ. "ಮೂಳೆ ಇರೋ ಕಡೆಯಿಂದ ಹಾಕಿ."