ಹಲ್ಲಿಲ್ಲದ ಅತಿಥಿಗಳು

ಇಡೀ ಕಾರ್ಖಾನೆಯಲ್ಲಿ ನನ್ನೊಬ್ಬನ ಕೈಗೇ ಮ್ಯಾನೇಜರು ತಮ್ಮ ಎರೆಹುಳುಗಳನ್ನು ಏಕೆ ಒಪ್ಪಿಸಿದರು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಎರಡು ಉತ್ತರಗಳಿವೆ. ನನ್ನದು: ನನ್ನ ಮೇಲಿನ ವಿಶ್ವಾಸ. ನನ್ನ ಹೆಂಡತಿಯದು: "ಉಳಿದವರೆಲ್ಲ ಖಾಯಂ ಆಗಿದ್ದಾರೆ ರೀ. ಆಗಲ್ಲ ಅನ್ನೋ ಧೈರ್ಯ ಅವರಿಗಿದೆ."

ನಾನು ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಅಂದರೆ ಹಿಟ್ಟಿನಲ್ಲಿ ಕಲ್ಲು, ಕಡ್ಡಿ, ಕೂದಲು ಹುಡುಕುವವನು. (ಕೂದಲು ಸಿಕ್ಕಿದಾಗ ನನ್ನ ಮೇಲೆ ಯಾರೂ ಅನುಮಾನಪಡುವುದಿಲ್ಲ. ನನ್ನ ತಲೆ ನೋಡಿದವರು ಯಾಕೆಂದು ಕೇಳುವುದಿಲ್ಲ.) ಕೆಲಸ ಇನ್ನೂ ಖಾಯಂ ಆಗಿಲ್ಲ. ಆಗಬೇಕಾದರೆ ಮ್ಯಾನೇಜರ ಸಹಿ ಬೇಕು. ಅವರು ಒಂದು ವಾರದ ಮಟ್ಟಿಗೆ ಮಗಳ ಮನೆಗೆ ಹೊರಟಾಗ, ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವ ಹುಳುಗಳ ಡಬ್ಬವನ್ನು ನನ್ನ ತೋಳಿಗಿಟ್ಟು, "ಮಕ್ಕಳ ಥರ ನೋಡ್ಕೊಳ್ಳಿ. ಬಂದ ತಕ್ಷಣ ನಿಮ್ಮ ವಿಷಯ ಮುಗಿಸಿಬಿಡೋಣ" ಎಂದರು.

ಆ 'ಮುಗಿಸಿಬಿಡೋಣ' ನನಗೆ ಸರಿಯಾಗಿ ನಿದ್ದೆ ಮಾಡಲು ಬಿಡಲಿಲ್ಲ.

ಡಬ್ಬ ತೆರೆದರೆ ಒದ್ದೆ ಮಣ್ಣು, ಮರಳು, ಕೊಳೆತ ಸಿಪ್ಪೆ. ನನ್ನೊಳಗಿನ ಪರೀಕ್ಷಕ ಎದ್ದು ನಿಂತ. ಮಣ್ಣನ್ನೆಲ್ಲ ಒಣಗಿಸಿ, ಜರಡಿ ಹಿಡಿದು, ಒಂದು ಕಾಳು ಮರಳೂ ಉಳಿಯದಂತೆ ಮಾಡಿದೆ. ಕೊಳೆತದ್ದನ್ನೆಲ್ಲ ಬಳಿದು ಬಿಸಾಡಿ, ತೊಳೆದ ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚಿ ಬಡಿಸಿದೆ. ದಿನಾ ಸಂಜೆ ಬಾಡಿದ್ದನ್ನು ತೆಗೆದು ಹೊಸದನ್ನು ಇಡುತ್ತಿದ್ದೆ.

"ನಂಗೆ ಒಂದು ದಿನ ಕ್ಯಾರೆಟ್ ಹೆಚ್ಚಿ ಕೊಟ್ಟಿದ್ದೀರಾ?" ಎಂದಳು ಹೆಂಡತಿ.

"ನನ್ನ ಕೆಲಸ ನಿನ್ನ ಕೈಲಿದೆಯಾ?"

"ನಿಮ್ಮ ಊಟ ಇದೆ."

ನಾನು ಇನ್ನೊಂದು ಕ್ಯಾರೆಟ್ ತೊಳೆಯಲು ಎದ್ದೆ.

ಭಾನುವಾರ ಬೆಳಿಗ್ಗೆ ಮುಚ್ಚಳ ಎತ್ತಿದೆ. ಕ್ಯಾರೆಟ್ ಇಟ್ಟ ಹಾಗೇ ಇತ್ತು. ಹುಳುಗಳು ಹೊಲಿಗೆ ದಾರದಷ್ಟು ಸಣಕಲಾಗಿ, ಜೈಲು ಮುರಿಯುವ ಕೈದಿಗಳ ಹಾಗೆ ಮುಚ್ಚಳದ ಒಳಮೈಗೆ ಅಂಟಿಕೊಂಡಿದ್ದವು. ಅದೇ ಹೊತ್ತಿಗೆ ಫೋನು.

"ಸಂಜೆ ಸ್ಟೇಷನ್ನಿಂದ ನೇರ ನಿಮ್ಮ ಮನೆಗೇ ಬರ್ತೀನಿ. ಮಕ್ಕಳು ಹೇಗಿದ್ದಾರೆ?"

"ಮೇಲೆ ಬರ್ತಿದ್ದಾರೆ ಸಾರ್" ಎಂದೆ. ಸುಳ್ಳಲ್ಲ.

ಹೆಂಡತಿ ಬಂದು ಬಗ್ಗಿ ನೋಡಿದಳು. "ಮರಳೆಲ್ಲಿ?"

"ತೆಗೆದೆ. ಬಾಯಿಗೆ ಸಿಕ್ಕಿದ್ರೆ ಹಲ್ಲಿಗೆ..."

"ಯಾರ ಹಲ್ಲಿಗೆ? ಕಾಲೇಜಲ್ಲಿ ಇದರ ಹೊಟ್ಟೆ ಸೀಳಿ ನೋಡಿದವಳು ರೀ ನಾನು. ಇದಕ್ಕೆ ಹಲ್ಲೇ ಇಲ್ಲ. ಮೆತ್ತಗೆ ಕೊಳೆತಿದ್ದನ್ನ ಬಾಯಿಂದ ಎಳ್ಕೊಳ್ಳತ್ತೆ. ಒಳಗೊಂದು ಗಟ್ಟಿ ಚೀಲ ಇದೆ, ಅಲ್ಲಿ ಮರಳಿನ ಜೊತೆ ಸೇರಿಸಿ ಅರೆಯತ್ತೆ. ನೀವು ರುಬ್ಬೋ ಕಲ್ಲನ್ನೇ ಕಿತ್ತು ಬಿಸಾಕಿದ್ದೀರಿ. ಮೇಲಿಂದ ಒಣ ಮಣ್ಣು. ಚರ್ಮದಲ್ಲೇ ಉಸಿರಾಡೋ ಪ್ರಾಣಿ ಅದು, ಒದ್ದೆ ಇಲ್ಲದೆ ಹೇಗೆ ಬದುಕತ್ತೆ?"

ಹೊಟ್ಟೆ ಸೀಳಿದ ವಿಷಯವನ್ನು ಮದುವೆಗೆ ಮುಂಚೆ ಯಾರೂ ನನಗೆ ಹೇಳಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಮಣ್ಣಿಗೆ ನೀರು ಚಿಮುಕಿಸಿ, ಹೂಕುಂಡದಿಂದ ಒಂದು ಹಿಡಿ ಮರಳು ತಂದು ಬೆರೆಸಿದಳು.

"ಈಗ ಕೊಳೆತಿದ್ದು ಏನಾದ್ರೂ ಬೇಕು. ಬೇಗ."

ನನ್ನ ಸ್ವಚ್ಛತಾ ಸಪ್ತಾಹದ ದೆಸೆಯಿಂದ ಮನೆಯಲ್ಲಿ ಕೊಳೆತದ್ದು ಒಂದು ಚೂರೂ ಇರಲಿಲ್ಲ. ಕಸದ ಬುಟ್ಟಿ ಫಳಫಳ ಹೊಳೆಯುತ್ತಿತ್ತು. ಹೆಂಡತಿ ಹಾಲ್‌ನಲ್ಲಿ ನಿಂತು ಮೂಗೆತ್ತಿದಳು. ಆ ಮೂಗು ನಿಧಾನವಾಗಿ ನನ್ನ ಆಫೀಸ್ ಬ್ಯಾಗಿನ ಕಡೆ ತಿರುಗಿತು.

ಈಗ ಒಂದು ವಿಷಯ ಹೇಳಲೇಬೇಕು. ನನ್ನ ಹೊಟ್ಟೆ ಕರಗಲೆಂದು ಅವಳು ದಿನಾ ಮಧ್ಯಾಹ್ನಕ್ಕೆ ಒಂದು ಡಬ್ಬಿ ತುಂಬ ಪಪ್ಪಾಯಿ ಹೆಚ್ಚಿ ಕಳಿಸುತ್ತಾಳೆ. ನಾನು ದಿನಾ ಅದನ್ನು ಕಾರ್ಖಾನೆಯ ಕಸಕ್ಕೆ ಸುರಿದು, ಕ್ಯಾಂಟೀನಿನಲ್ಲಿ ಕರಿದದ್ದನ್ನು ತಿಂದು, ಮನೆಗೆ ಬಂದು "ಪಪ್ಪಾಯಿ ಸಕ್ಕರೆ ಥರ ಇತ್ತು" ಎನ್ನುತ್ತೇನೆ. ಶುಕ್ರವಾರ ಸುರಿಯುವುದನ್ನು ಮರೆತಿದ್ದೆ; ಶನಿವಾರ ರಜೆ, ಡಬ್ಬಿ ಬ್ಯಾಗಿನಲ್ಲೇ ಉಳಿದಿತ್ತು.

ಅವಳು ಡಬ್ಬಿ ತೆರೆದಳು. ಬೂಸಲು ಹಿಡಿದ ಪಪ್ಪಾಯಿ ನನ್ನನ್ನೇ ನೋಡಿತು.

"ಸಕ್ಕರೆ ಥರ ಇತ್ತು, ಅಲ್ವಾ?" ಎಂದಳು, ಬಹಳ ಮೆಲ್ಲಗೆ. ಬೈದಿದ್ದರೆ ನೆಮ್ಮದಿಯಾಗಿರುತ್ತಿತ್ತು. ಪಪ್ಪಾಯಿಯನ್ನು ಮಣ್ಣಿನಲ್ಲಿ ಹೂತು, ಹುಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿ, ಒದ್ದೆ ಗೋಣಿ ಹೊದಿಸಿದಳು.

ಆಮೇಲಿನದು ಆಸ್ಪತ್ರೆಯ ವರಾಂಡದ ಕಾಯುವಿಕೆ. ಗೋಣಿ ಎತ್ತಿ ನೋಡಲು ಹೋದಾಗಲೆಲ್ಲ, "ಬೆಳಕು ಬೀಳತ್ತೆ, ಕೈ ತೆಗೀರಿ" ಎಂಬ ಗದರಿಕೆ. ಒಳಗಿರುವುದು ಪ್ರಾಣವೋ ಹೆಣವೋ ತಿಳಿಯದೆ, ನಾನು ಮನಸ್ಸಿನಲ್ಲೇ ಬೇರೆ ಕೆಲಸಕ್ಕೆ ಅರ್ಜಿ ಬರೆಯತೊಡಗಿದೆ.

ಸಂಜೆ ಮ್ಯಾನೇಜರು ಬಂದರು. ಚೀಲವನ್ನೂ ಇಳಿಸದೆ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ಗೋಣಿ ಸರಿಸಿ, ಬೆರಳಿನಿಂದ ಮಣ್ಣು ಬಿಡಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಅಬ್ಬಾ" ಎಂದರು.

ಒಂದು ಕಣ್ಣು ತೆರೆದೆ. ಹುಳುಗಳೆಲ್ಲ ಪಪ್ಪಾಯಿಗೆ ಮುತ್ತಿ ಉಂಡೆಗಟ್ಟಿ, ಮದುವೆ ಮನೆಯ ಮೊದಲ ಪಂಕ್ತಿಯವರ ಹಾಗೆ ತಲೆ ಎತ್ತದೆ ತಿನ್ನುತ್ತಿದ್ದವು.

"ಇಷ್ಟು ಹದವಾಗಿ ಕೊಳೆಸಿ ಕೊಡೋದು ನಂಗೂ ಗೊತ್ತಿರ್ಲಿಲ್ಲ. ಹೇಗೆ ಮಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಅದು ಇವರ ಮಧ್ಯಾಹ್ನದ ಪಾಲು ಸಾರ್. ನಾನು ಕಟ್ಟಿ ಕೊಟ್ಟಿದ್ದನ್ನ ಮುಟ್ಟದೆ ಹಾಗೇ ತಂದಿದ್ದಾರೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಮ್ಯಾನೇಜರ ಕಣ್ಣು ತುಂಬಿ ಬಂತು. "ನಾನಿದ್ದೀನಿ ಬಿಡಮ್ಮ" ಎಂದರು.

ನಾನೀಗ ಖಾಯಂ. ದಿನಾ ಮಧ್ಯಾಹ್ನ ಮ್ಯಾನೇಜರು ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಹುಳಕ್ಕೆ ಅಂತ ಉಳಿಸಬೇಡಿ, ಅವಕ್ಕೆ ನಾನು ಕೊಡ್ತೀನಿ" ಎಂದು ಕೊನೆಯ ಹೋಳು ಇಳಿಯುವವರೆಗೂ ಕಾಯುತ್ತಾರೆ. ಡಬ್ಬಿ ಈಗ ಮೊದಲಿಗಿಂತ ದೊಡ್ಡದು. ನನಗೆ ಮೂವತ್ತೆರಡು ಹಲ್ಲುಗಳಿವೆ, ಎಲ್ಲವೂ ಗಟ್ಟಿ. ಆದರೆ ಪಪ್ಪಾಯಿಯ ಮುಂದೆ ಅವನ್ನು ಬಳಸುವುದಿಲ್ಲ. ಕಣ್ಣು ಮುಚ್ಚಿ, ಎರೆಹುಳುವಿನ ಹಾಗೆ, ಸುಮ್ಮನೆ ಒಳಗೆಳೆದುಕೊಳ್ಳುತ್ತೇನೆ.